ಪತ್ರಿಕೋದ್ಯಮ ಇಂಟರ್ನ್‌ಶಿಪ್‌ಗೆ ಪತ್ರಿಕೆಯೋ, ಟಿವಿಯೋ, ಪಿಆರ್ ಏಜೆನ್ಸಿಯೋ?

ದಾವಣಗೆರೆಯಲ್ಲಿ ಪತ್ರಿಕೋದ್ಯಮ ಓದುತ್ತಿದ್ದೇನೆ, ಕೊನೆಯ ಸೆಮಿಸ್ಟರ್‌ನ ಇಂಟರ್ನ್‌ಶಿಪ್ ಎಲ್ಲಿ ಮಾಡಲಿ, ರಿಪೋರ್ಟ್‌ನಲ್ಲಿ ಏನು ಬರೆಯಲಿ ಅಂತ ಕೇಳಿದ್ದೀರಿ. ನಾನು ಬೆಂಗಳೂರಿನ ಒಂದು ಕನ್ನಡ ದಿನಪತ್ರಿಕೆಯಲ್ಲಿ ಇಂಟರ್ನ್‌ಶಿಪ್ ಮುಗಿಸಿದವಳು. ಪತ್ರಿಕೆಗೇ ಹೋಗಿ. ಅದರಲ್ಲೂ ಡೆಸ್ಕ್ ಕೆಲಸ, ಅಂದರೆ ಬಂದ ಸುದ್ದಿಯನ್ನು ತಿದ್ದಿ, ಅನುವಾದಿಸಿ, ಹೆಡ್‌ಲೈನ್ ಕೊಡುವ ಕೆಲಸ ಕೇಳಿ ಪಡೆಯಿರಿ.

ಎಲ್ಲರಿಗೂ ರಿಪೋರ್ಟಿಂಗ್ ಬೇಕು. ಫ್ರೀಡಂ ಪಾರ್ಕಿನ ಪ್ರತಿಭಟನೆ, ಪ್ರೆಸ್ ಕ್ಲಬ್ಬಿನ ಸುದ್ದಿಗೋಷ್ಠಿ ಖುಷಿ ಕೊಡುತ್ತವೆ, ನಿಜ. ಆದರೆ ಬರೆಯಲು ಕಲಿಸುವುದು ಡೆಸ್ಕ್. ಪಿಟಿಐ ಸುದ್ದಿಸಂಸ್ಥೆಯಿಂದ ಬರುವ ಇಂಗ್ಲಿಷ್ ಸುದ್ದಿಯಲ್ಲಿ ಯಾರು, ಎಲ್ಲಿ, ಯಾಕೆ ಎಲ್ಲವೂ ಒಂದೇ ಉದ್ದ ವಾಕ್ಯದಲ್ಲಿ ಇರುತ್ತದೆ. ಹಾಗೇ ಕನ್ನಡಕ್ಕೆ ಇಳಿಸಿದರೆ, ಕ್ರಿಯಾಪದ ಬರುವ ಹೊತ್ತಿಗೆ ಮಾಡಿದವರು ಯಾರು ಅನ್ನುವುದೇ ಮರೆತುಹೋಗಿರುತ್ತದೆ. ಅದನ್ನು ಒಡೆದು ಎರಡು ಮೂರು ವಾಕ್ಯ ಮಾಡಬೇಕು. ಹೆಡ್‌ಲೈನ್ ಕೂಡ ಹಾಗೇ. ‘ವೇತನ ಬಿಡುಗಡೆಗೆ ಆಗ್ರಹಿಸಿ ಪೌರಕಾರ್ಮಿಕರ ಪ್ರತಿಭಟನೆ’ ಅನ್ನುವುದು ಎರಡು ಕಾಲಂನಲ್ಲಿ ಕೂರದೇ ಇದ್ದಾಗ ‘ಸಂಬಳ ಕೊಡಿ: ಪೌರಕಾರ್ಮಿಕರ ಪಟ್ಟು’ ಆಗುತ್ತದೆ. ಜಾಗವೂ ಉಳಿಯಿತು, ಅವರ ಬೇಡಿಕೆಯೂ ಮೊದಲು ಬಂತು, ಅಲ್ವಾ? ಇದು ಕ್ಲಾಸಿನಲ್ಲಿ ಕೂತು ಬರುವ ವಿದ್ಯೆಯಲ್ಲ.

ಹೋಗುವ ಮುಂಚೆ ಕನ್ನಡ ಟೈಪಿಂಗ್ ಗಟ್ಟಿ ಮಾಡಿಕೊಳ್ಳಿ. ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಕೀಲಿಮಣೆ, ಅಂದರೆ ಕೆ.ಪಿ. ರಾವ್ ವಿನ್ಯಾಸ ಕಲಿತರೆ ಸಾಕು. ಹಳೆಯ ಫಾಂಟಿನ ಕಾಪಿಯನ್ನು, ಅಂದರೆ ಸುದ್ದಿಯ ಬರಹವನ್ನು, ಯೂನಿಕೋಡ್‌ಗೆ ಬದಲಾಯಿಸಿದಾಗ ಅರ್ಕಾವತ್ತು, ಒತ್ತಕ್ಷರಗಳು ಎಡವಟ್ಟಾಗುವುದುಂಟು. ಅದನ್ನು ಬೇಗ ಗುರುತಿಸಿ ಸರಿಮಾಡುವ ಇಂಟರ್ನ್ ಮೇಲೆ ಡೆಸ್ಕಿನವರಿಗೆ ನಂಬಿಕೆ ಬರುತ್ತದೆ. ಆಮೇಲೆ ದೊಡ್ಡ ಕಾಪಿಗಳೂ ಕೈಗೆ ಸಿಗುತ್ತವೆ.

ಸಂಜೆ ಪಾಳಿ ಕೇಳಿ. ದೂರದ ಊರುಗಳಿಗೆ ಹೋಗುವ ಎಡಿಷನ್ ಮೊದಲು ಮುಗಿಯುತ್ತದೆ, ನಗರದ ಪುಟಗಳು ತಡರಾತ್ರಿ. ಪುಟ ಕಟ್ಟುವುದನ್ನು ನೋಡಲು ಅದೇ ಸರಿಯಾದ ಹೊತ್ತು. ರಾತ್ರಿ ಮನೆಗೆ ಬಿಡಲು ಆಫೀಸಿನ ಗಾಡಿ ಇದೆಯಾ, ಸ್ಟೈಪೆಂಡ್ ಕೊಡುತ್ತಾರಾ ಅಂತ ಮೊದಲ ದಿನವೇ ಕೇಳಿ, ಸಂಕೋಚ ಬೇಡ. ಬೆಂಗಳೂರಿನ ಪಿಜಿ ಬಾಡಿಗೆ ಹೊರೆ ಅನಿಸಿದರೆ ನಿಮ್ಮ ಊರಲ್ಲೇ ‘ಜನತಾವಾಣಿ’ ಇದೆ, ಅಲ್ಲೂ ವಿಚಾರಿಸಿ. ಊರು ಬಲ್ಲವರಿಗೆ ಸ್ಥಳೀಯ ಪತ್ರಿಕೆಯಲ್ಲಿ ಕಲಿಯುವುದು ಜಾಸ್ತಿಯೇ ಇರುತ್ತದೆ.

ಪಿಆರ್, ಅಂದರೆ ಸಂಸ್ಥೆಗಳ ಪರವಾಗಿ ಪತ್ರಿಕೆಗಳಿಗೆ ಪ್ರೆಸ್ ನೋಟ್ ಕಳಿಸುವಂಥ ಸಾರ್ವಜನಿಕ ಸಂಪರ್ಕದ ಕೆಲಸ, ಬೇಡ ಅನ್ನುತ್ತಿಲ್ಲ, ಅದು ಆಮೇಲೆ. ಯಾವ ಪ್ರೆಸ್ ನೋಟ್ ಕಸದ ಬುಟ್ಟಿಗೆ ಹೋಗುತ್ತದೆ ಅಂತ ಡೆಸ್ಕಿನಲ್ಲಿ ಕೂತು ನೋಡಿದವರು ಒಳ್ಳೆಯ ಪ್ರೆಸ್ ನೋಟ್ ಬರೆಯುತ್ತಾರೆ. ಟಿವಿಯಲ್ಲಿ ಸ್ಕ್ರಿಪ್ಟ್ ಬರೆಯಲು ಕೊಡುತ್ತಾರಾ ಅಂತ ಖಚಿತ ಮಾಡಿಕೊಂಡು ಹೋಗಿ.

ಇನ್ನು ರಿಪೋರ್ಟ್. ಸಂಸ್ಥೆಯ ಇತಿಹಾಸವನ್ನು ಸುಮ್ನೆ ಪುಟಗಟ್ಟಲೆ ತುಂಬಬೇಡಿ. ನೀವು ಕೊಟ್ಟ ಕಾಪಿ ಒಂದು ಕಡೆ, ಮರುದಿನ ಅಚ್ಚಾದದ್ದು ಪಕ್ಕದಲ್ಲಿ ಅಂಟಿಸಿ. ಏನು ಬದಲಾಯಿತು, ಯಾಕೆ ಬದಲಾಯಿತು ಅಂತ ಕೆಳಗೆ ಬರೆಯಿರಿ. ಬೈಲೈನ್, ಅಂದರೆ ಸುದ್ದಿಯ ಜೊತೆ ನಿಮ್ಮ ಹೆಸರು, ಬರದಿದ್ದರೂ ಪರವಾಗಿಲ್ಲ. ವೈವಾದಲ್ಲಿ ಏನೇ ಕೇಳಿದರೂ ಮಾತಾಡಲು ನಿಮ್ಮ ಹತ್ತಿರ ನಿಮ್ಮದೇ ಕೆಲಸ ಇರುತ್ತದೆ. ಇದಕ್ಕಾಗಿ ಮೊದಲ ದಿನದಿಂದಲೇ ಕಾಪಿಗಳನ್ನು ನಿಮ್ಮ ಮೇಲ್‌ಗೆ ಕಳಿಸಿಕೊಳ್ಳಿ, ಡೆಸ್ಕ್ ಮುಖ್ಯಸ್ಥರ ಒಪ್ಪಿಗೆ ಕೇಳಿಕೊಂಡೇ.