ವಂಚನೆಯ ಅಂಕಿಅಂಶ: ಮೊತ್ತ ನೋಡಬೇಕೋ, ಪ್ರಮಾಣವೋ?

ಪ್ರಶ್ನೆ: ಕಾರ್ಡ್ ವಂಚನೆಯಲ್ಲಿ ಹೋದ ಹಣ ಹೆಚ್ಚಾಗಿದೆ ಎಂದು ಒಂದು ವರದಿಯಲ್ಲಿ ಓದಿದೆ. ವಂಚನೆಯ ಪ್ರಮಾಣ ಇಳಿದಿದೆ ಎಂದು ಅದೇ ವರ್ಷದ ಇನ್ನೊಂದು ವರದಿಯಲ್ಲಿದೆ. ಎರಡರಲ್ಲಿ ಒಂದು ಸುಳ್ಳಿರಬೇಕಲ್ಲವೇ?

ಉತ್ತರ: ಎರಡೂ ನಿಜವಿರಬಹುದು. ಕಾರ್ಡಿನ ಒಟ್ಟು ವಹಿವಾಟು ಎರಡು ಪಟ್ಟಾಯಿತು, ವಂಚನೆ ಒಂದೂವರೆ ಪಟ್ಟಾಯಿತು ಎಂದಿಟ್ಟುಕೊಳ್ಳಿ. ಹೋದ ಹಣ ಖಂಡಿತ ಜಾಸ್ತಿ. ಆದರೆ ಪ್ರತಿ ಸಾವಿರಕ್ಕೆ ಎಷ್ಟು ಹೋಯಿತು ಎಂದು ನೋಡಿದರೆ ಕಾಲು ಭಾಗ ಇಳಿದಿದೆ. ಆಸ್ಟ್ರೇಲಿಯನ್ ಪೇಮೆಂಟ್ಸ್ ನೆಟ್‌ವರ್ಕ್ ಎಂಬ ಅಲ್ಲಿನ ಪಾವತಿ ಉದ್ಯಮದ ಸಂಸ್ಥೆ ಒಟ್ಟು ಮೊತ್ತದ ಜೊತೆಗೆ ಸಾವಿರ ಡಾಲರ್‌ಗೆ ಎಷ್ಟು ಸೆಂಟ್ ಎಂಬ ಲೆಕ್ಕವನ್ನೂ ಕೊಡುವುದು ಇದಕ್ಕೇ. ಬರೀ ಮೊತ್ತ ಹೇಳುವ ಸುದ್ದಿಯನ್ನು ನಾನಂತೂ ಅರ್ಧ ಸುದ್ದಿ ಎಂದೇ ಓದುತ್ತೇನೆ.

ಚೆಕ್ಕಿನ ಕಥೆ ಉಲ್ಟಾ. ಫ್ರಾನ್ಸಿನಲ್ಲಿ ಚೆಕ್ ಬಳಕೆ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದ್ದರೂ 2018ರಲ್ಲಿ ವಂಚನೆಯ ಮೊತ್ತದಲ್ಲಿ ಚೆಕ್ಕೇ ಕಾರ್ಡನ್ನು ಹಿಂದಿಕ್ಕಿತು. ಆಮೇಲೆ ಅಲ್ಲಿನ ಪಾವತಿ ಸುರಕ್ಷತಾ ವೀಕ್ಷಣಾಲಯ ಎಣಿಕೆಯ ರೀತಿಯನ್ನೇ ಬದಲಿಸಿತು. ಚೆಕ್ ಜಮೆಗೆ ಬಂದಮೇಲೆ, ಹಣ ಕೈಬಿಡುವ ಮೊದಲೇ ಬ್ಯಾಂಕ್ ಹಿಡಿದ ವಂಚನೆಯನ್ನು ಲೆಕ್ಕದಿಂದ ಕಳೆಯತೊಡಗಿತು. ಇಂಥ ಬದಲಾವಣೆ ಅಡಿಟಿಪ್ಪಣಿಯಲ್ಲಿರುತ್ತದೆ, ಗ್ರಾಫ್ ಮಾತ್ರ ಸುದ್ದಿಯಲ್ಲಿರುತ್ತದೆ. ಗ್ರಾಫಿನ ಗೆರೆ ದಿಢೀರನೆ ಕೆಳಗಿಳಿದದ್ದು ಕಂಡರೆ ಮೊದಲು ಅಡಿಟಿಪ್ಪಣಿ ಹುಡುಕಿ. ಚೆಕ್ಕಿನಲ್ಲಿ ಪ್ರಕರಣಗಳ ಸಂಖ್ಯೆಯನ್ನೂ ನೋಡಬೇಕು, ಏಕೆಂದರೆ ದೊಡ್ಡ ಮೊತ್ತದ ಕೆಲವೇ ನಕಲಿ ಚೆಕ್‌ಗಳು ಇಡೀ ವರ್ಷದ ಅಂಕಿಯನ್ನು ಮೇಲೆತ್ತಿಬಿಡಬಲ್ಲವು.

ಇನ್ನೊಂದು ಮಾತು: ಒಂದು ಬಗೆಯ ವಂಚನೆ ಇಳಿದರೆ ಪಕ್ಕದ ಕಾಲಮ್ಮಿನ ಮೇಲೂ ಕಣ್ಣಾಡಿಸಿ. ಬ್ರಿಟನ್ನಿನಲ್ಲಿ 2006ರ ಫೆಬ್ರವರಿ 14ರಿಂದ ಅಂಗಡಿಗಳಲ್ಲಿ ಚಿಪ್ ಕಾರ್ಡಿಗೆ ಪಿನ್ ಕಡ್ಡಾಯದಂತಾಯಿತು. ಕದ್ದ ಕಾರ್ಡನ್ನು ಅಂಗಡಿಯಲ್ಲಿ ಉಜ್ಜುವುದು ಕಷ್ಟವಾದಂತೆ ವಂಚಕರು ಫೋನ್ ಮತ್ತು ಇಂಟರ್‌ನೆಟ್ ಖರೀದಿಯತ್ತ, ಅಂದರೆ ಕಾರ್ಡ್ ತೋರಿಸಬೇಕಿಲ್ಲದ ಕಡೆ, ಹೊರಳಿದರು.

ಪ್ರಶ್ನೆ: ಈ ಅಂಕಿಗಳನ್ನು ಬ್ಯಾಂಕುಗಳೇ ಕೊಡುವುದಾದರೆ ಮುಚ್ಚಿಡುವುದಿಲ್ಲವೇ? ಯಾವ ಬ್ಯಾಂಕಿನಲ್ಲಿ ಎಷ್ಟು ಎಂದು ಹೆಸರು ಹಾಕಿ ಏಕೆ ಪ್ರಕಟಿಸುವುದಿಲ್ಲ?

ಉತ್ತರ: ಕಾರ್ಡ್ ನೀಡಿದ ಬ್ಯಾಂಕಿಗೆ ಗ್ರಾಹಕರ ದೂರು ಬರುತ್ತದೆ, ಅದು ವಿಂಗಡಿಸಿ ಕಳುಹಿಸುತ್ತದೆ: ಕಳೆದ ಅಥವಾ ಕದ್ದ ಕಾರ್ಡ್, ಅಂಚೆಯಲ್ಲಿ ದಾರಿ ತಪ್ಪಿದ ಕಾರ್ಡ್, ಸುಳ್ಳು ಅರ್ಜಿ ಹಾಕಿ ಪಡೆದದ್ದು, ಸ್ಕಿಮ್ಮಿಂಗ್ ಮಾಡಿ, ಅಂದರೆ ಕಾರ್ಡಿನೊಳಗಿನ ಮಾಹಿತಿಯನ್ನು ಯಂತ್ರದಿಂದ ಕದ್ದು, ತಯಾರಿಸಿದ ನಕಲಿ. ಚೆಕ್ಕಿಗಾದರೆ ತಿದ್ದಿದ್ದು, ಖಾಲಿ ಹಾಳೆ ಕದ್ದು ಬರೆದದ್ದು, ಪೂರ್ತಿ ನಕಲಿ ಮುದ್ರಿಸಿದ್ದು. ಖಾತೆಯಲ್ಲಿ ಹಣವಿಲ್ಲದೆ ಬೌನ್ಸ್ ಆದ ಚೆಕ್ಕೆಲ್ಲ ವಂಚನೆಯ ಲೆಕ್ಕಕ್ಕೆ ಬರುವುದಿಲ್ಲ.

ನನಗೆ ಮುಚ್ಚಿಡುವುದಕ್ಕಿಂತ ದೊಡ್ಡ ತೊಡಕಾಗಿ ಕಾಣುವುದು ತಾರೀಖು. ಮೋಸ ನಡೆದ ದಿನವೋ, ಗ್ರಾಹಕ ದೂರು ಕೊಟ್ಟ ದಿನವೋ, ಬ್ಯಾಂಕ್ ನಷ್ಟ ಬರೆದುಕೊಂಡ ದಿನವೋ? ಡಿಸೆಂಬರಿನ ವಂಚನೆ ಸ್ಟೇಟ್‌ಮೆಂಟ್ ನೋಡಿದಮೇಲೆ ಗೊತ್ತಾದರೆ ಅದು ಮುಂದಿನ ವರ್ಷದ ಖಾತೆಗೆ ಬೀಳಬಹುದು. ಎರಡನೆಯ ತೊಡಕು, ನಷ್ಟ ಯಾರ ತಲೆಗೆ ಬಂತು ಎಂಬುದು. ಬ್ಯಾಂಕ್ ಚಾರ್ಜ್‌ಬ್ಯಾಕ್ ಮಾಡಿ ಹಣವನ್ನು ವ್ಯಾಪಾರಿಯಿಂದ ವಾಪಸ್ ಪಡೆದರೆ ಬ್ಯಾಂಕಿನ ನಷ್ಟ ಸೊನ್ನೆ, ವಂಚನೆ ಮಾತ್ರ ನಡೆದೇ ಇದೆ. ಒಳ್ಳೆಯ ವರದಿ ವಂಚನೆಯ ಒಟ್ಟು ಮೌಲ್ಯವನ್ನು ಕೊಡುತ್ತದೆ. ಬ್ಯಾಂಕಿನ ನಿವ್ವಳ ನಷ್ಟವನ್ನಷ್ಟೇ ಕೊಟ್ಟು ಸುಮ್ಮನಾಗುವುದಿಲ್ಲ.

ಹೆಸರು ಹಾಕದಿರುವುದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ, ದುರ್ಬಲ ಬ್ಯಾಂಕ್ ಯಾವುದೆಂದು ವಂಚಕರಿಗೆ ತಿಳಿದುಬಿಡುತ್ತದೆ ಎಂಬುದು. ಅವರಿಗೆ ಅದು ಮೊದಲೇ ತಿಳಿದಿರುತ್ತದೆ ಎಂಬುದು ನನ್ನ ಗುಮಾನಿ. ಗ್ರಾಹಕರು ತಾವೇ ನಂಬಿ ಹಣ ಕಳುಹಿಸಿದ ಮೋಸದ ಪ್ರಕರಣಗಳಲ್ಲಿ ಯಾವ ಬ್ಯಾಂಕ್ ಎಷ್ಟು ಪಾಲು ಹಿಂದಿರುಗಿಸಿತು ಎಂಬುದನ್ನು ಬ್ರಿಟನ್ನಿನ ಪಾವತಿ ನಿಯಂತ್ರಕ ಸಂಸ್ಥೆ 2023ರಲ್ಲಿ ಹೆಸರು ಸಹಿತ ಪ್ರಕಟಿಸಿತು. ಕಾರ್ಡ್, ಚೆಕ್‌ಗೂ ಅದು ಆಗದ ಕೆಲಸವಲ್ಲ.

ಪ್ರಶ್ನೆ: ನಾನೇ ಒಟಿಪಿ ಹೇಳಿ ಹಣ ಕಳೆದುಕೊಂಡೆ. ಇದು ಕಾರ್ಡ್ ವಂಚನೆಯ ಲೆಕ್ಕಕ್ಕೆ ಸೇರುತ್ತದೆಯೇ?

ಉತ್ತರ: ನೀವು ಹೇಳಿದ ಒಟಿಪಿ ಬಳಸಿ ಇನ್ನೊಬ್ಬ ನಿಮ್ಮ ಕಾರ್ಡಿನಲ್ಲಿ ಖರೀದಿ ಮಾಡಿದ್ದರೆ, ಹೆಚ್ಚಿನ ಕಡೆ ಸೇರುತ್ತದೆ, ಕಾರ್ಡ್ ತೋರಿಸದೆ ನಡೆದ ವಂಚನೆ ಎಂದು ದಾಖಲಾಗುತ್ತದೆ. ಅವನ ಮಾತು ನಂಬಿ ನೀವೇ ಅವನ ಖಾತೆಗೆ ಹಣ ವರ್ಗಾಯಿಸಿದ್ದರೆ ಅದು ಬೇರೆ ವರ್ಗ, ಹಲವು ಕಡೆ ಬೇರೆಯೇ ವರದಿ. ಹಣ ವಾಪಸಾತಿಯ ನಿಯಮವೂ ಎರಡಕ್ಕೂ ಬೇರೆ ಬೇರೆ ಇರುವುದುಂಟು. ಆದ್ದರಿಂದ ದೂರು ಬರೆಯುವಾಗ ಪಾವತಿಯ ಗುಂಡಿ ಒತ್ತಿದವರು ಯಾರು ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ.