ಎರಡು ಗೆರೆಜಾಲಗಳನ್ನು ಒಂದರ ಮೇಲೊಂದು ಇಟ್ಟಾಗ ಇಲ್ಲದ ಪಟ್ಟೆಗಳು ಕಾಣುವುದೇಕೆ? ಸಂಗೀತದಲ್ಲೂ ಹೀಗಾಗುತ್ತದೆಯೇ?

ಆ ಅಗಲವಾದ ಪಟ್ಟೆಗಳು ಎರಡು ಚಿತ್ರಗಳಲ್ಲಿ ಯಾವುದರಲ್ಲೂ ಇಲ್ಲ. ಅವುಗಳ ನಡುವಿನ ಸಣ್ಣ ವ್ಯತ್ಯಾಸವೇ ಹಿಗ್ಗಿ ಹಾಗೆ ಕಾಣುತ್ತದೆ. ಇದನ್ನು ಮ್ವಾರೆ ವಿನ್ಯಾಸ ಎನ್ನುತ್ತಾರೆ.

ಒಂದು ಜಾಲದ ಕಪ್ಪು ಗೆರೆ ಇನ್ನೊಂದರ ಗೆರೆಯ ಮೇಲೆಯೇ ಬಿದ್ದ ಕಡೆ ನಡುವಿನ ಬಿಳಿ ಹಾಗೇ ಉಳಿಯುತ್ತದೆ. ಗೆರೆ ಹೋಗಿ ಬಿಳಿ ಸಂದಿಯಲ್ಲಿ ಕೂತರೆ ಆ ಜಾಗ ಕಪ್ಪಾಗುತ್ತದೆ. ತುಸು ದೂರದಿಂದ ನೋಡಿದಾಗ ಕಣ್ಣಿಗೆ ಬಿಡಿ ಗೆರೆಗಳು ಸಿಕ್ಕುವುದಿಲ್ಲ, ಒಟ್ಟು ಬೆಳಕು ಹೆಚ್ಚೋ ಕಡಿಮೆಯೋ ಎನ್ನುವುದು ಮಾತ್ರ ಸಿಗುತ್ತದೆ. ಗೆರೆಗಳ ಅಂತರ 1 ಮಿ.ಮೀ. ಇದ್ದು, ಒಂದು ಜಾಲವನ್ನು 2 ಡಿಗ್ರಿ ಓರೆ ಮಾಡಿದರೆ ಪಟ್ಟೆಗಳ ಅಂತರ ಸುಮಾರು 29 ಮಿ.ಮೀ. ಆಗುತ್ತದೆ. ಓರೆಯನ್ನು 1 ಡಿಗ್ರಿಗೆ ಇಳಿಸಿ ನೋಡಿ: 57 ಮಿ.ಮೀ.! ವ್ಯತ್ಯಾಸ ಕಿರಿದಾದಷ್ಟೂ ಪಟ್ಟೆ ಹಿರಿದು. ನನಗೆ ಇದರಲ್ಲಿ ಅತ್ಯಂತ ಸುಂದರವಾಗಿ ಕಾಣುವುದು ಇದೇ.

ಹೌದು, ನಾದದಲ್ಲೂ ಇದೇ ನಡೆಯುತ್ತದೆ. ಸೆಕೆಂಡಿಗೆ 440 ಮತ್ತು 442 ಸಲ ಕಂಪಿಸುವ ಎರಡು ಸ್ವರಗಳು ಒಟ್ಟಿಗೆ ನುಡಿದರೆ, ಅಲೆಗಳ ಶಿಖರಗಳು ಕೂಡಿದಾಗ ಸದ್ದು ಏರುತ್ತದೆ, ಶಿಖರಕ್ಕೆ ಕಣಿವೆ ಎದುರಾದಾಗ ಇಳಿಯುತ್ತದೆ. ಈ ಏರಿಳಿತ ಸೆಕೆಂಡಿಗೆ ಸರಿಯಾಗಿ 2 ಸಲ. ತಂತಿವಾದ್ಯದ ಶ್ರುತಿ ಸೇರಿಸುವವರು ಕಿವಿಗೊಡುವುದು ಇದಕ್ಕೇ; ಅದು ನಿಧಾನವಾಗುತ್ತಾ ಬಂದು ನಿಂತರೆ ಶ್ರುತಿ ಕೂಡಿತು.

ಡಿಜಿಟಲ್ ಕಲಾವಿದರಿಗಂತೂ ಇದು ದೊಡ್ಡ ಸಂಪತ್ತು. ಮೇಲೆ ಹೇಳಿದ 2 ಡಿಗ್ರಿಯ ಜಾಲದಲ್ಲಿ ಒಂದು ಪದರವನ್ನು ಗೆರೆಗಳಿಗೆ ಅಡ್ಡವಾಗಿ 1 ಮಿ.ಮೀ. ಜರುಗಿಸಿದರೆ ಸಾಕು, ಪಟ್ಟೆಗಳು 29 ಮಿ.ಮೀ. ಸರಿಯುತ್ತವೆ.