ಗರ್ಭಪಾತದ ಮಾತ್ರೆಗೆ ಗಂಡನ ಸಹಿ ಬೇಕಾ? ಅದು ಅಪರಾಧವಾ?

ಸಹಿ ಬೇಡ. 18 ತುಂಬಿದವಳಿಗೆ ಅವಳ ಒಪ್ಪಿಗೆ ಒಂದೇ ಸಾಕು, ಮದುವೆ ಆಗಿರಲಿ, ಆಗದಿರಲಿ. ಅಪರಾಧವೂ ಅಲ್ಲ. ಕಾನೂನು ಹೇಳುವ ಕಾರಣಗಳಿದ್ದರೆ ವೈದ್ಯರ ಮೂಲಕ ಗರ್ಭಪಾತಕ್ಕೆ 1971ರ ಕಾಯ್ದೆಯೇ ಅವಕಾಶ ಕೊಟ್ಟಿದೆ. ಗರ್ಭನಿರೋಧಕ ವಿಫಲವಾದದ್ದೂ ಅಂಥ ಒಂದು ಕಾರಣ.

ಆದರೂ ಎಷ್ಟೋ ಹೆಂಗಸರಿಗೆ ಇದು ಗೊತ್ತಿಲ್ಲ. ಆಸ್ಪತ್ರೆ ಗೋಡೆಯ ಮೇಲೆ 'ಭ್ರೂಣಲಿಂಗ ಪತ್ತೆ ಅಪರಾಧ' ಅಂತ ಓದಿದವರಿಗೆ ಗೊಂದಲ ಆಗುತ್ತದೆ, ಅಲ್ವಾ? ಅದು 1994ರ ಬೇರೆ ಕಾಯ್ದೆ. ಭಯ, ನಾಚಿಕೆ ಸೇರಿ ಸೀದಾ ಮೆಡಿಕಲ್ ಶಾಪಿಗೆ ಹೋಗುವವರೇ ಜಾಸ್ತಿ. ನನಗೆ ನಿಜಕ್ಕೂ ಚಿಂತೆ ಆಗುವುದು ಇಲ್ಲೇ. ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿದ್ದರೆ ಈ ಮಾತ್ರೆ ಕೆಲಸ ಮಾಡುವುದಿಲ್ಲ, ಜೀವಕ್ಕೇ ಅಪಾಯ. ಅದಕ್ಕೇ ಮೊದಲು ವೈದ್ಯರನ್ನು ನೋಡಬೇಕು.

ಮಿಫೆಪ್ರಿಸ್ಟೋನ್, ಆಮೇಲೆ ಮಿಸೊಪ್ರೊಸ್ಟಾಲ್: ಗರ್ಭಪಾತಕ್ಕೆ ಈ ಎರಡು ಔಷಧಿಗಳನ್ನು ನಮ್ಮಲ್ಲಿ ಗರ್ಭಕ್ಕೆ 9 ವಾರ ಆಗುವುದರೊಳಗೆ ಕೊಡುತ್ತಾರೆ. ಐ-ಪಿಲ್ ಬೇರೆ. ಅದು ಸಂಪರ್ಕವಾದ 72 ಗಂಟೆಯೊಳಗೆ ತೆಗೆದುಕೊಳ್ಳುವಂಥದ್ದು, ನಿಂತ ಗರ್ಭವನ್ನು ತೆಗೆಯುವುದಿಲ್ಲ.

ಮಾತ್ರೆಯ ನಂತರ ಹೊಟ್ಟೆನೋವು, ರಕ್ತಸ್ರಾವ ಸಹಜ. ಆದರೆ ಗಂಟೆಗೆ ಎರಡು ದೊಡ್ಡ ಪ್ಯಾಡ್‌ನಂತೆ ಸತತ ಎರಡು ಗಂಟೆ ನೆನೆದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಬೈಯುತ್ತಾರೆ ಅಂತ ಸುಮ್ನೆ ಕಾಯಬೇಡಿ. ನಿಮ್ಮ ಗುರುತನ್ನು ಗುಟ್ಟಾಗಿಡುವುದು ವೈದ್ಯರ ಕಾನೂನುಬದ್ಧ ಹೊಣೆ.